ಕಾವಲಿನ ಹುಲ್ಲಿಗೆ ಮಳೆಯೊಂದೇ ಸಾಲದು

ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಶಿರಾ, ಪಾವಗಡ ಕಡೆಯ ಹುಲ್ಲುಗಾವಲು ಬರಡಾಗಿದೆ ಎಂದರೆ ಎಲ್ಲರೂ ಹೇಳುವ ಕಾರಣ ಒಂದೇ: ಮಳೆ ಇಲ್ಲ. ಸರ್ಕಾರಿ ಯೋಜನೆಗಳು ನಿಂತಿರುವುದೂ ಇದೇ ನಂಬಿಕೆಯ ಮೇಲೆ. ಕಂದಕ ತೋಡುವುದು, ಇಂಗುಗುಂಡಿ ತೆಗೆಯುವುದು, ಚೆಕ್‌ಡ್ಯಾಂ ಕಟ್ಟುವುದು, ನಡುವೆ ಗಿಡ ನೆಡುವುದು. ನೀರು ಇಂಗಿದರೆ ಹುಲ್ಲು ತಾನಾಗಿಯೇ ಬರುತ್ತದೆ ಎಂಬ ಲೆಕ್ಕಾಚಾರ. ಅದು ಅರ್ಧ ಮಾತ್ರ ಸರಿ. ಉಳಿದರ್ಧ ಮಣ್ಣಿನ ಸಾರಜನಕ ಮತ್ತು ರಂಜಕದಲ್ಲಿದೆ. ಅದು ಯಾವ ಯೋಜನಾ ವರದಿಯಲ್ಲೂ ಸರಿಯಾಗಿ ಜಾಗ ಪಡೆದಿಲ್ಲ.

ವಿಶ್ವಸಂಸ್ಥೆ 2026ನೇ ಇಸವಿಯನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ನಮ್ಮಲ್ಲಿ ಕಾವಲು (ದನಗಳ ಮೇವಿಗಾಗಿ ಕಾಯ್ದಿಟ್ಟ ಹುಲ್ಲುಗಾವಲು), ಗೋಮಾಳಗಳ ಮಾತು ಬಂದರೆ ಚರ್ಚೆ ಒತ್ತುವರಿ ಮತ್ತು ಮಂಜೂರಾತಿಯ ಸುತ್ತಲೇ ನಿಲ್ಲುತ್ತದೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ತಳಿಯ ದನಗಳಿಗೆ ಮೀಸಲಾಗಿದ್ದ ಸುಮಾರು 10 ಸಾವಿರ ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳೂ ಸೇರಿದಂತೆ ಹಲವು ಯೋಜನೆಗಳ ಪಾಲಾದ ಮೇಲೆ ಆ ಚರ್ಚೆ ನಡೆಯಲೇಬೇಕಿತ್ತು. ಆದರೆ ಉಳಿದಿರುವ ನೆಲದಲ್ಲಿ ಹುಲ್ಲು ಏಕೆ ಸೊರಗುತ್ತಿದೆ ಎಂಬ ಪ್ರಶ್ನೆಗೂ ಅಷ್ಟೇ ತೂಕವಿದೆ. ಆ ನೆಲವನ್ನು ‘ಬಂಜರು’ ಎಂದು ಬರೆದು ಬೇರೆಯವರಿಗೆ ಕೊಡುವುದಕ್ಕೆ ಸೊರಗಿದ ಹುಲ್ಲೇ ಮೊದಲ ಸಾಕ್ಷಿಯಾಗಿ ಬಳಕೆಯಾಗುತ್ತಿದೆ.

ಬಿದ್ದ ಮಳೆಯಲ್ಲಿ ಬೇರಿಗೆ ಸಿಗುವುದೆಷ್ಟು

ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4 ಸಾವಿರ ಲೀಟರ್ ನೀರು. ವರ್ಷಕ್ಕೆ 450 ಮಿ.ಮೀ. ಬೀಳುವ ಕಡೆ ಎಕರೆಗೆ 18 ಲಕ್ಷ ಲೀಟರ್ ಆಯಿತು. ಕಡಿಮೆಯೇನಲ್ಲ. ಆದರೆ ಅದು ಬೀಳುವ ಬಗೆ ಮುಖ್ಯ. ಒಣಗಿದ ಕೆಂಪು ಮಣ್ಣಿನ ಮೇಲೆ 5 ಮಿ.ಮೀ. ಮಳೆ ಬಂದರೆ ಮೇಲಿನ ಮೂರ್ನಾಲ್ಕು ಸೆಂಟಿಮೀಟರ್ ಮಾತ್ರ ನೆನೆಯುತ್ತದೆ. ಬೇಸಿಗೆಯ ಬಿಸಿಲಿಗೆ ದಿನಕ್ಕೆ 6ರಿಂದ 8 ಮಿ.ಮೀ. ನೀರನ್ನು ಆವಿಯಾಗಿಸುವ ಶಕ್ತಿಯಿರುವಾಗ ಆ ತೇವ ಒಂದೆರಡು ದಿನದಲ್ಲಿ ಮಾಯವಾಗುತ್ತದೆ. ಇನ್ನೊಂದು ತುದಿಯಲ್ಲಿ, ಒಂದೇ ಗಂಟೆಯಲ್ಲಿ 60 ಮಿ.ಮೀ. ಸುರಿದರೆ ಹೆಪ್ಪುಗಟ್ಟಿದ ಬರಿನೆಲದಿಂದ ಬಹುಪಾಲು ಹಳ್ಳಕ್ಕೆ ಹರಿದುಹೋಗುತ್ತದೆ. ಹುಲ್ಲಿಗೆ ನಿಜಕ್ಕೂ ಒದಗುವುದು 15ರಿಂದ 30 ಮಿ.ಮೀ.ನ ಹದವಾದ ಮಳೆ. ಅದು ಹೆಚ್ಚಿನ ಬೇರುಗಳಿರುವ 10ರಿಂದ 20 ಸೆಂಟಿಮೀಟರ್ ಆಳದವರೆಗೆ ಇಳಿದು, ಒಂದೆರಡು ವಾರ ಬೆಳವಣಿಗೆಗೆ ಆಧಾರವಾಗುತ್ತದೆ.

ಒಣ ಸೀಮೆಯ ಸಸ್ಯಜೀವನ ಸರಾಸರಿ ಮಳೆಯ ಮೇಲೆ ನಡೆಯುವುದಿಲ್ಲ. ಒಂದು ಹದಮಳೆ, ಅದರ ಬೆನ್ನಿಗೆ ಬೆಳವಣಿಗೆ, ಅದರ ಕೊನೆಗೆ ಬೇರು, ಬುಡ, ಬೀಜಗಳಲ್ಲಿ ಒಂದಿಷ್ಟು ದಾಸ್ತಾನು, ಮತ್ತೆ ಕಾಯುವಿಕೆ: ಹೀಗೆ ಕಂತುಕಂತಾಗಿ ಸಾಗುತ್ತದೆ. ಇಸ್ರೇಲಿನ ಪರಿಸರ ವಿಜ್ಞಾನಿ ಇಮಾನ್ಯುಯೆಲ್ ನೋಯ್-ಮೆಯರ್ 1973ರಲ್ಲಿ ಮುಂದಿಟ್ಟ ಈ ನೋಟ ಇಂದಿಗೂ ಒಣ ಹುಲ್ಲುಗಾವಲಿನ ಅಧ್ಯಯನಕ್ಕೆ ಅಡಿಪಾಯ. ಮಣ್ಣಿನ ವಿಷಯದಲ್ಲಿ ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುವ ಒಂದು ಸಂಗತಿಯೂ ಅವರ ವಾದದಲ್ಲಿತ್ತು. ಮಳೆ ಹೆಚ್ಚಿರುವ ಕಡೆ ಜಿಗುಟು ಮಣ್ಣು ಮೇಲು. ಮಳೆ ತೀರಾ ಕಡಿಮೆಯಿರುವ ಕಡೆ ಮರಳು ಮಿಶ್ರಿತ ಮಣ್ಣೇ ಹೆಚ್ಚು ಹುಲ್ಲು ಕೊಡುತ್ತದೆ, ಏಕೆಂದರೆ ಅಲ್ಲಿ ನೀರು ಬೇಗ ಆಳಕ್ಕಿಳಿದು ಬಿಸಿಲಿನಿಂದ ಪಾರಾಗುತ್ತದೆ. ಅಮೆರಿಕದ ಮಧ್ಯ ಬಯಲುಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಈ ಅದಲುಬದಲು ನಡೆಯುವುದು ವರ್ಷಕ್ಕೆ ಸುಮಾರು 370 ಮಿ.ಮೀ. ಮಳೆಯ ಆಸುಪಾಸಿನಲ್ಲಿ ಎಂದು ತಿಳಿಯಿತು. ನಮ್ಮ ಬರಗಾಲದ ವರ್ಷಗಳಲ್ಲಿ ಮಸಾರಿ (ಮರಳು ಮಿಶ್ರಿತ ಕೆಂಪು) ನೆಲ ಸಣ್ಣ ಮಳೆಗೇ ಹಸಿರಾಗುವುದು, ಎರೆ (ಜಿಗುಟಾದ ಕಪ್ಪು) ನೆಲ ದೊಡ್ಡ ಮಳೆಗೆ ಕಾಯುವುದು ಇದೇ ಕಾರಣಕ್ಕೆ.

ಮಳೆ ಈಗ ಕಡಿಮೆ ದಿನಗಳಲ್ಲಿ ಹೆಚ್ಚು ಸುರಿಯುವ ಕಡೆಗೆ ವಾಲುತ್ತಿದೆ. ಇದರ ಪರಿಣಾಮ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಕನ್ಸಾಸ್‌ನ ಕೋನ್ಜಾ ಹುಲ್ಲುಗಾವಲಿನಲ್ಲಿ ಒಟ್ಟು ಮಳೆಯನ್ನು ಬದಲಿಸದೆ ಮಳೆಗಳ ನಡುವಿನ ಅಂತರವನ್ನು ಮಾತ್ರ ಒಂದೂವರೆ ಪಟ್ಟು ಮಾಡಿದಾಗ ಹುಲ್ಲಿನ ಇಳುವರಿ ಸುಮಾರು ಶೇ 10ರಷ್ಟು ಕುಸಿಯಿತು. ಅದಕ್ಕಿಂತ ಬಹಳ ಒಣಗಿರುವ ಕೊಲರಾಡೊದ ಗಿಡ್ಡ ಹುಲ್ಲಿನ ಬಯಲಿನಲ್ಲಿ, ಅಷ್ಟೇ ನೀರನ್ನು ಕಡಿಮೆ ಬಾರಿ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಇಳುವರಿ ಏರಿತು. ದೊಡ್ಡ ಮಳೆ ಅಲ್ಲಿ ಆವಿಯಾಗುವ ಪದರವನ್ನು ದಾಟಿ ಕೆಳಗಿಳಿಯುತ್ತದೆ. ನಮ್ಮ ಕಾವಲುಗಳಲ್ಲಿ ದೊಡ್ಡ ಮಳೆ ಲಾಭವಾಗಬೇಕಾದರೆ ಅದು ಇಂಗಬೇಕು. ಇಂಗಲು ನೆಲದ ಮೇಲೆ ಹುಲ್ಲಿನ ಬುಡಗಳು, ಒಣ ಕಸ, ಗೆದ್ದಲಿನ ರಂಧ್ರಗಳು ಇರಬೇಕು. ಬೋಳು ನೆಲಕ್ಕೆ ದೊಡ್ಡ ಮಳೆ ನಷ್ಟವೇ.

ಹುಲ್ಲುಗಾವಲಿನ ಆರೋಗ್ಯ ಅಳೆಯಲು ಒಂದು ಸರಳ ಮಾಪನವಿದೆ. ಒಂದು ಹೆಕ್ಟೇರಿಗೆ ಬಿದ್ದ ಪ್ರತಿ ಮಿಲಿಮೀಟರ್ ಮಳೆಗೆ ಎಷ್ಟು ಕಿಲೋ ಒಣಹುಲ್ಲು ಬಂತು ಎಂದು ನೋಡುವುದು. ಜಗತ್ತಿನ ಒಣ ಹುಲ್ಲುಗಾವಲುಗಳಲ್ಲಿ ಇದು ಸರಾಸರಿ 4 ಕಿಲೋ ಆಸುಪಾಸಿನಲ್ಲಿದೆ. ಕೆಟ್ಟ ನೆಲದಲ್ಲಿ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. 450 ಮಿ.ಮೀ. ಮಳೆಗೆ 4 ಕಿಲೋ ಲೆಕ್ಕ ಹಿಡಿದರೆ ಹೆಕ್ಟೇರಿಗೆ 1,800 ಕಿಲೋ, ಎಕರೆಗೆ ಸುಮಾರು 730 ಕಿಲೋ. ಒಂದು ಕಿಲೋ ಲೆಕ್ಕ ಹಿಡಿದರೆ ಎಕರೆಗೆ ಬರೀ 180 ಕಿಲೋ. ಇನ್ನೂರೈವತ್ತು ಕಿಲೋ ತೂಕದ ಹಸುವಿಗೆ ದಿನಕ್ಕೆ 6 ಕಿಲೋ ಒಣ ಮೇವು ಬೇಕು, ವರ್ಷಕ್ಕೆ ಸುಮಾರು 2,200 ಕಿಲೋ. ಬೆಳೆದದ್ದರಲ್ಲಿ ಅರ್ಧವನ್ನಷ್ಟೇ ಮೇಯಿಸಬೇಕು ಎಂಬ ನಿಯಮ ಪಾಲಿಸಿದರೆ ಒಳ್ಳೆಯ ಕಾವಲಿನಲ್ಲಿ ಒಂದು ಹಸುವಿಗೆ 6 ಎಕರೆ ಸಾಕು. ಕೆಟ್ಟ ಕಾವಲಿನಲ್ಲಿ 24 ಎಕರೆ ಬೇಕು. ಎರಡೂ ಕಡೆ ಬಿದ್ದ ಮಳೆ ಒಂದೇ.

ಈ ನಾಲ್ಕು ಪಟ್ಟು ವ್ಯತ್ಯಾಸದಲ್ಲಿ ಹರಿದುಹೋದ ನೀರಿನ ಪಾಲು ಇದ್ದೇ ಇದೆ. ಆದರೆ ಇಂಗಿದ ನೀರನ್ನೂ ಹುಲ್ಲು ಬಳಸಿಕೊಳ್ಳಲಾಗದ ಸ್ಥಿತಿ ಇರುತ್ತದೆ ಎಂಬುದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿದ್ದು ಸಹಾರಾ ಮರುಭೂಮಿಯ ದಕ್ಷಿಣ ಅಂಚಿನಲ್ಲಿರುವ ಆಫ್ರಿಕಾದ ಒಣ ಸೀಮೆ, ಸಾಹೇಲ್.

ಸಾಹೇಲ್ ಕಲಿಸಿದ್ದು

ಎಪ್ಪತ್ತರ ದಶಕದ ಭೀಕರ ಬರದ ನಂತರ ಮಾಲಿ ಮತ್ತು ನೆದರ್ಲೆಂಡ್ಸ್ ವಿಜ್ಞಾನಿಗಳು ಒಟ್ಟಾಗಿ ಮಾಲಿ ದೇಶದ ನಿಯೊನೊ ಸುತ್ತಮುತ್ತ 1976ರಿಂದ ಹಲವು ವರ್ಷ ಹುಲ್ಲುಗಾವಲುಗಳ ಇಳುವರಿಯನ್ನು ಅಳೆದರು. ಬರಪೀಡಿತ ಪ್ರದೇಶವಾದ್ದರಿಂದ ನೀರೇ ಮಿತಿ ಎಂದು ಎಲ್ಲರೂ ತಿಳಿದಿದ್ದರು. ಅಳತೆಗಳು ಬೇರೆಯೇ ಹೇಳಿದವು. ವರ್ಷಕ್ಕೆ 300 ಮಿ.ಮೀ.ಗಿಂತ ಕಡಿಮೆ ಮಳೆಯ ಉತ್ತರ ಭಾಗದಲ್ಲಿ ಮಾತ್ರ ನೀರು ಮುಖ್ಯ ಮಿತಿ. ಅಲ್ಲಿಂದ ದಕ್ಷಿಣಕ್ಕೆ ಬಂದಂತೆ ಬೆಳವಣಿಗೆಯನ್ನು ತಡೆಹಿಡಿದದ್ದು ಸಾರಜನಕ ಮತ್ತು ರಂಜಕದ ಕೊರತೆ. ಮಳೆಗಾಲ ಮುಗಿದಾಗ ಮಣ್ಣಿನಲ್ಲಿ ನೀರು ಇನ್ನೂ ಉಳಿದಿರುತ್ತಿತ್ತು, ಹುಲ್ಲು ಬೆಳವಣಿಗೆ ನಿಲ್ಲಿಸಿರುತ್ತಿತ್ತು.

ಇದರ ಹಿಂದಿನ ಗಣಿತ ಕಷ್ಟವಿಲ್ಲ. ಒಂದು ಹೆಕ್ಟೇರ್ ಮಣ್ಣು ಒಂದು ಹಂಗಾಮಿನಲ್ಲಿ ಹುಲ್ಲಿಗೆ 15 ಕಿಲೋ ಸಾರಜನಕ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಮಳೆ ಕಡಿಮೆಯಾಗಿ 800 ಕಿಲೋ ಒಣಹುಲ್ಲು ಬಂದರೆ ಅದರಲ್ಲಿ ಸಾರಜನಕ ಶೇ 1.9. ಇದನ್ನು 6.25ರಿಂದ ಗುಣಿಸಿದರೆ ಮೇವಿನ ಪ್ರೋಟೀನ್ ಸಿಗುತ್ತದೆ: ಸುಮಾರು ಶೇ 11.7. ಮಳೆ ಚೆನ್ನಾಗಿ ಆಗಿ 2,400 ಕಿಲೋ ಹುಲ್ಲು ಬಂದರೆ ಅದೇ 15 ಕಿಲೋ ಸಾರಜನಕ ಮೂರು ಪಟ್ಟು ಹುಲ್ಲಿಗೆ ಹಂಚಿಹೋಗುತ್ತದೆ, ಹಾಲಿಗೆ ನೀರು ಬೆರೆಸಿದ ಹಾಗೆ. ಪ್ರೋಟೀನ್ ಶೇ 3.9ಕ್ಕೆ ಇಳಿಯುತ್ತದೆ. ಹೀಗೆ ತೆಳುವಾಗುವುದಕ್ಕೂ ಒಂದು ಕೊನೆಯಿದೆ. ಸಾರಜನಕ ಶೇ 0.5ರ ಹತ್ತಿರ ಬಂದರೆ ಹುಲ್ಲು ಮುಂದೆ ಬೆಳೆಯಲಾರದು. ಅಂದರೆ 15 ಕಿಲೋ ಸಾರಜನಕದ ನೆಲ ಎಷ್ಟೇ ಮಳೆ ಬಂದರೂ 3 ಸಾವಿರ ಕಿಲೋ ದಾಟುವುದಿಲ್ಲ.

ದನದ ಹೊಟ್ಟೆಗೆ ಈ ಅಂಕಿಗಳು ಬಹಳ ಮುಖ್ಯ. ಮೇವಿನಲ್ಲಿ ಪ್ರೋಟೀನ್ ಸುಮಾರು ಶೇ 7ಕ್ಕಿಂತ ಕೆಳಗಿಳಿದರೆ ಮೆಲುಕು ಚೀಲದ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲದು. ನಾರು ಕರಗುವುದು ನಿಧಾನವಾಗುತ್ತದೆ, ಹೊಟ್ಟೆ ಖಾಲಿಯಾಗುವುದಿಲ್ಲ, ದನ ತಿನ್ನುವುದೇ ಕಡಿಮೆ ಮಾಡುತ್ತದೆ. ಸೊಂಟದೆತ್ತರ ಒಣಹುಲ್ಲಿನ ನಡುವೆ ನಿಂತ ದನದ ಪಕ್ಕೆಲುಬು ಎಣಿಸುವಂತಾಗುವುದು ಹೀಗೆ. ಸಾಹೇಲಿನ ಫುಲಾನಿ ದನಗಾಹಿಗಳು ಮಳೆಗಾಲದಲ್ಲಿ ದಕ್ಷಿಣದ ಎತ್ತರದ ಹುಲ್ಲನ್ನು ಬಿಟ್ಟು ಉತ್ತರದ ಗಿಡ್ಡ ಹುಲ್ಲಿನ ಕಡೆ ನಡೆಯುವುದರ ಹಿಂದೆ ಈ ಪ್ರೋಟೀನ್ ಇದೆ. ಪೂರ್ವ ಆಫ್ರಿಕಾದ ಸೆರೆಂಗೆಟಿಯಲ್ಲಿ ವಿಲ್ಡ್‌ಬೀಸ್ಟ್ ಎಂಬ ಹುಲ್ಲೆ ಜಾತಿಯ ಪ್ರಾಣಿಗಳ ಹಿಂಡುಗಳೂ ಮಳೆಗಾಲದಲ್ಲಿ ಹೆಚ್ಚು ಮಳೆಯ ಉತ್ತರವನ್ನು ಬಿಟ್ಟು, ಜ್ವಾಲಾಮುಖಿ ಬೂದಿಯಿಂದ ರಂಜಕ ಮತ್ತು ಸುಣ್ಣದಂಶ ತುಂಬಿರುವ ಆಗ್ನೇಯದ ಒಣ ಬಯಲಿಗೆ ಬಂದು ಕರು ಹಾಕುತ್ತವೆ.

ನಮ್ಮ ಅಮೃತಮಹಲ್ ವ್ಯವಸ್ಥೆಯಲ್ಲೂ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಒಂದೊಂದು ಕಾಲಕ್ಕೆ ಒಂದೊಂದು ಕಾವಲಿಗೆ ಹಿಂಡು ಸಾಗುತ್ತಿತ್ತು. ಈ ಸಂಚಾರ ನೀರು ನೆರಳಿಗಾಗಿ ಮಾತ್ರ ಎಂದು ಓದುವುದು ಅಪೂರ್ಣ. ಹುಲ್ಲು ಎಳೆಯದಾಗಿ ಸತ್ವ ತುಂಬಿರುವ ಹೊತ್ತಿಗೆ ಅಲ್ಲಿರುವುದು, ಮೇದ ನೆಲಕ್ಕೆ ಬೀಜ ಕಟ್ಟಲು ಬಿಡುವು ಕೊಡುವುದು ಎರಡೂ ಅದರಿಂದ ಸಾಧ್ಯವಾಗುತ್ತಿತ್ತು. ಕಾವಲುಗಳು ತುಂಡಾದಾಗ ಕಳೆದುಹೋದದ್ದು ಎಕರೆಗಳಷ್ಟೇ ಅಲ್ಲ, ಈ ಓಡಾಟವೂ ಹೌದು.

ಸಾಹೇಲಿನ 300 ಮಿ.ಮೀ. ಗಡಿಯನ್ನು ಚಿತ್ರದುರ್ಗಕ್ಕೆ ಹಾಗೆಯೇ ತಂದು ಹಚ್ಚುವಂತಿಲ್ಲ. ಅಲ್ಲಿ ಮಳೆಗಾಲ ಒಂದೇ ಬಿಗಿಯಾದ ಅವಧಿ. ನಮ್ಮ ಮಳೆನೆರಳಿನ ತಾಲ್ಲೂಕುಗಳಲ್ಲಿ ಮೇ ತಿಂಗಳ ಮುಂಗಾರುಪೂರ್ವ ಮಳೆ, ಜುಲೈ–ಆಗಸ್ಟ್‌ನ ಒಣ ಗಾಳಿ, ಸೆಪ್ಟೆಂಬರ್–ಅಕ್ಟೋಬರ್‌ನ ದೊಡ್ಡ ಮಳೆ ಎಂದು ವರ್ಷ ಹರಿದುಹಂಚಿದೆ. ಆದ್ದರಿಂದ ನಮ್ಮಲ್ಲಿ ನೀರಿನ ಮಿತಿ ಸ್ವಲ್ಪ ಹೆಚ್ಚು ಮಳೆಯವರೆಗೂ ಕಾಡಬಹುದು. ಆದರೂ 450ರಿಂದ 600 ಮಿ.ಮೀ. ಬೀಳುವ, ಸಾವಯವ ಇಂಗಾಲ ಅರ್ಧ ಪ್ರತಿಶತವೂ ಇಲ್ಲದ ಕೆಂಪು ಮಣ್ಣಿನಲ್ಲಿ ಸಾರಜನಕ, ರಂಜಕಗಳು ಮಿತಿಯೇ ಅಲ್ಲ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ನಲವತ್ತೆರಡು ಹುಲ್ಲುಗಾವಲುಗಳಲ್ಲಿ ಒಂದೇ ವಿಧಾನದಿಂದ ಪರೀಕ್ಷಿಸಿದ ಅಂತರರಾಷ್ಟ್ರೀಯ ಪ್ರಯೋಗವೊಂದು 2015ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ 31 ಕಡೆ ಯಾವುದಾದರೂ ಪೋಷಕಾಂಶದ ಕೊರತೆ ಬೆಳವಣಿಗೆಯನ್ನು ತಡೆದಿತ್ತು, ಹಲವು ಕಡೆ ಒಂದಕ್ಕಿಂತ ಹೆಚ್ಚು.

ನೀರಿಲ್ಲದೆ ಗೊಬ್ಬರವೂ ಇಲ್ಲ

ನೀರು ಮತ್ತು ಪೋಷಕಾಂಶಗಳನ್ನು ಎರಡು ಪ್ರತ್ಯೇಕ ಖಾತೆಗಳಂತೆ ನೋಡುವುದು ತಪ್ಪು ದಾರಿ. ಸಾರಜನಕದ ಒಂದು ರೂಪವಾದ ನೈಟ್ರೇಟ್ ಬೇರಿನ ಕಡೆ ಬರುವುದು ನೀರಿನ ಹರಿವಿನ ಜೊತೆ. ರಂಜಕ ಹಾಗೆ ಬರುವುದಿಲ್ಲ. ಅದು ಮಣ್ಣಿನ ಕಣಗಳ ಸುತ್ತಲಿನ ತೆಳು ನೀರಿನ ಪೊರೆಯಲ್ಲಿ ಒಂದೆರಡು ಮಿಲಿಮೀಟರ್ ಜರುಗುವುದೂ ಕಷ್ಟ. ಮಣ್ಣು ಒಣಗಿ ಆ ಪೊರೆ ತೆಳುವಾದರೆ ಜರುಗುವುದು ಬಹುತೇಕ ನಿಂತೇ ಹೋಗುತ್ತದೆ. ಮಣ್ಣಿನ ಸಾರದ ಹೆಚ್ಚು ಭಾಗ ಇರುವುದು ಮೇಲಿನ 5ರಿಂದ 10 ಸೆಂಟಿಮೀಟರ್‌ನಲ್ಲಿ, ಮೊದಲು ಒಣಗುವುದೂ ಅದೇ ಪದರ. ಹಾಗಾಗಿ ಆಗಸ್ಟ್‌ನ ಒಣಹವೆಯಲ್ಲಿ ಹುಲ್ಲು ಕೆಳಗಿನ ತೇವವನ್ನು ಹೀರಿ ಹಸಿರಾಗಿಯೇ ನಿಂತಿದ್ದರೂ ಮೇಲಿನ ಆಹಾರ ಅದಕ್ಕೆ ಎಟುಕುವುದಿಲ್ಲ. ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಹಿಡಿದಿಟ್ಟುಕೊಂಡರೆ ಎರೆಯಲ್ಲಿ ಆ ಕೆಲಸ ಸುಣ್ಣದ್ದು. ಬೇರಿಗೆ ಅಂಟಿಕೊಂಡು ಬದುಕುವ ಶಿಲೀಂಧ್ರದ ಎಳೆಗಳು ಸ್ವಲ್ಪ ದೂರದಿಂದ ರಂಜಕ ತಂದುಕೊಡುತ್ತವೆ. ನೆಲ ಅಗೆದು ಬಗೆದಾಗ ಮೊದಲು ಹರಿಯುವುದು ಆ ಎಳೆಗಳೇ.

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ, ಬೇಸಿಗೆಯ ಮೊದಲ ಮಳೆಗಳ ಕುರಿತ ಗಾದೆಗೆ ಮಣ್ಣುವಿಜ್ಞಾನದಲ್ಲಿ ಗಟ್ಟಿ ಆಧಾರವಿದೆ. ತಿಂಗಳುಗಟ್ಟಲೆ ಒಣಗಿದ ಮಣ್ಣು ಮೊದಲ ಬಾರಿ ನೆನೆದಾಗ ಸತ್ತ ಸೂಕ್ಷ್ಮಜೀವಿಗಳ ಒಡಲು ಮತ್ತು ಸಾವಯವ ಕಸ ಒಮ್ಮೆಲೇ ಕೊಳೆತು ಸಾರಜನಕ ಉಕ್ಕುತ್ತದೆ. ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದ ಎಚ್.ಎಫ್. ಬರ್ಚ್ ಇದನ್ನು 1958ರಲ್ಲಿ ವಿವರವಾಗಿ ದಾಖಲಿಸಿದರು, ಅವರ ಹೆಸರಿನಿಂದಲೇ ಈ ವಿದ್ಯಮಾನವನ್ನು ಕರೆಯುತ್ತಾರೆ. ಈ ಉಕ್ಕು ಕೆಲವೇ ದಿನಗಳದ್ದು. ಬಹುವಾರ್ಷಿಕ ಹುಲ್ಲಿನ ಬುಡ ಜೀವಂತವಾಗಿದ್ದರೆ ಅದರ ಬೇರು ಆ ಸಾರಜನಕವನ್ನು ಹಿಡಿದುಕೊಳ್ಳುತ್ತದೆ. ಏಪ್ರಿಲ್‌ವರೆಗೂ ಬುಡಮಟ್ಟ ಮೇಯಿಸಿ ಬುಡವೇ ಸತ್ತಿದ್ದರೆ ಹಿಡಿಯುವವರಿಲ್ಲ. ಬೀಜದಿಂದ ಮೊಳೆಯುವ ವಾರ್ಷಿಕ ಹುಲ್ಲಿಗೆ ಬೇರು ಬರುವಷ್ಟರಲ್ಲಿ ಅದು ಅನಿಲವಾಗಿ ಹಾರಿರುತ್ತದೆ, ಕೆಳಗಿಳಿದಿರುತ್ತದೆ, ಇಲ್ಲವೇ ಕಳೆಗಳ ಪಾಲಾಗಿರುತ್ತದೆ. ಬೇಸಿಗೆಯ ಕೊನೆಯಲ್ಲಿ ನಾಲ್ಕು ಬೆರಳು ಎತ್ತರದ ಬುಡ ಉಳಿಸಬೇಕು ಎನ್ನುವುದು ಇದಕ್ಕಾಗಿ.

ಕಾವಲಿನಿಂದ ಹೊರಹೋಗುವ ಸಾರ

ದೇವರ ದನಗಳ (ದೇವರ ಹೆಸರಿಗೆ ಬಿಟ್ಟ ದನಗಳ) ಹಿಂಡು ಕಾವಲಿನಲ್ಲೇ ಮೇದು ಕಾವಲಿನ ರೊಪ್ಪದಲ್ಲೇ (ರಾತ್ರಿ ಕೂಡುವ ಬೇಲಿಯೊಳಗೇ) ಮಲಗಿದರೆ ತಿಂದ ಸಾರದ ಬಹುಪಾಲು ಅಲ್ಲೇ ಉಳಿಯುತ್ತದೆ. ಹಗಲು ಕಾವಲಿನಲ್ಲಿ ಮೇದು ರಾತ್ರಿ ಊರಿನ ದೊಡ್ಡಿಯಲ್ಲೋ ರೈತರ ಹೊಲದಲ್ಲೋ ತಂಗಿದರೆ ಪ್ರತಿ ದಿನ ಒಂದಿಷ್ಟು ಸಾರ ಕಾವಲಿನಿಂದ ಹೊರಗೆ ಸಾಗುತ್ತದೆ.

ಲೆಕ್ಕ ಹೀಗಿದೆ. ನೂರು ಕುರಿಗಳ ಮಂದೆ ದಿನಕ್ಕೆ ಸುಮಾರು 100 ಕಿಲೋ ಒಣಮೇವು ತಿನ್ನುತ್ತದೆ. ಅದರಲ್ಲಿ ಸಾರಜನಕ ಶೇ 1, ರಂಜಕ ಶೇ 0.1 ಎಂದು ಹಿಡಿದರೆ ಒಂದು ಕಿಲೋ ಸಾರಜನಕ, 100 ಗ್ರಾಂ ರಂಜಕ. ಮೈಗೆ ಉಳಿಯುವುದು ಸ್ವಲ್ಪವೇ. ಶೇ 80ಕ್ಕೂ ಹೆಚ್ಚು ಹಿಕ್ಕೆ, ಗಂಜಳವಾಗಿ ಹೊರಬರುತ್ತದೆ. ಅದರಲ್ಲಿ ಅರ್ಧ ರಾತ್ರಿ ತಂಗುವಲ್ಲಿ ಬಿದ್ದರೆ ದಿನಕ್ಕೆ 400 ಗ್ರಾಂ ಸಾರಜನಕ, 40ರಿಂದ 50 ಗ್ರಾಂ ರಂಜಕ ಕಾವಲನ್ನು ಬಿಟ್ಟಿತು. ವರ್ಷದಲ್ಲಿ 200 ದಿನ ಮೇಯಿಸಿದರೆ 80 ಕಿಲೋ ಸಾರಜನಕ, 8ರಿಂದ 10 ಕಿಲೋ ರಂಜಕ. ಈ ಮಂದೆಗೆ 55 ಎಕರೆ ಕಾವಲು ಬೇಕಾಗುತ್ತದೆ ಎಂದರೆ ಎಕರೆಗೆ ವರ್ಷಕ್ಕೆ ಒಂದೂವರೆ ಕಿಲೋ ಸಾರಜನಕ, ಸುಮಾರು 160 ಗ್ರಾಂ ರಂಜಕ. ಕೇಳಲು ಅಲ್ಪ. ಐವತ್ತು ವರ್ಷಕ್ಕೆ ರಂಜಕ 8 ಕಿಲೋ ಆಗುತ್ತದೆ. ಮಣ್ಣು ಪರೀಕ್ಷೆಯಲ್ಲಿ ‘ಕಡಿಮೆ’ ಎಂದು ಬರುವ ನೆಲದಲ್ಲಿ ಬೇರಿಗೆ ಸಿಗುವಂತಿರುವ ರಂಜಕ ಎಕರೆಗೆ 4 ಕಿಲೋ ಮಾತ್ರ. ಸಾರಜನಕವನ್ನು ದ್ವಿದಳ ಸಸ್ಯಗಳು, ಮಳೆ, ದೂಳು ಒಂದಷ್ಟು ಮರಳಿ ತುಂಬುತ್ತವೆ. ರಂಜಕಕ್ಕೆ ಗಾಳಿಯಲ್ಲಿ ಮೂಲವಿಲ್ಲ. ಕಲ್ಲು ಸವೆದು ಬರಬೇಕು, ದೂಳಿನಲ್ಲಿ ಚೂರು ಬರಬೇಕು.

ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವುದು ರೈತರಿಗೂ ಕುರಿಗಾಹಿಗಳಿಗೂ ಒಳ್ಳೆಯ ಕೊಡುಕೊಳ್ಳುವಿಕೆ, ಅದನ್ನು ಇಲ್ಲಿ ದೂರುತ್ತಿಲ್ಲ. ಆದರೆ ಕಾವಲು ಗೊಬ್ಬರದ ಗಣಿಯಾಗಿದೆ, ಗಣಿಗೆ ಯಾರೂ ಏನನ್ನೂ ವಾಪಸು ಹಾಕುತ್ತಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ದೊಡ್ಡಿಯ ಗೊಬ್ಬರ ಲಾರಿ ಹತ್ತಿ ಅಡಿಕೆ, ತೆಂಗಿನ ತೋಟಗಳಿಗೆ ಹೋಗುವಾಗ ಈ ಸೋರಿಕೆ ಜಿಲ್ಲೆಯನ್ನೇ ದಾಟುತ್ತದೆ. ಕಾವಲಿನಲ್ಲಿ ಬಿದ್ದ ಸಗಣಿಯನ್ನು ಕುಳ್ಳಿಗೆ ಆರಿಸಿಕೊಂಡು ಹೋಗುವುದೂ ಸೇರಿಕೊಳ್ಳುತ್ತದೆ. ಬೆಂಕಿ ಹಾಕಿದರೆ ಹುಲ್ಲಿನ ಸಾರಜನಕದ ಹೆಚ್ಚು ಭಾಗ ಹೊಗೆಯಾಗಿ ಹೋಗುತ್ತದೆ. ರಂಜಕ ಬೂದಿಯಲ್ಲಿ ಉಳಿದರೂ ಬೋಳು ನೆಲದ ಮೇಲಿನ ಬೂದಿಯನ್ನು ಬೇಸಿಗೆಯ ಗಾಳಿ ಬಿಡುವುದಿಲ್ಲ. ಮೇಲ್ಮಣ್ಣು ಕೊಚ್ಚಿಹೋಗುವುದಂತೂ ಎಲ್ಲಕ್ಕಿಂತ ದೊಡ್ಡ ನಷ್ಟ: ಒಂದು ಹೆಕ್ಟೇರಿನಿಂದ ಒಂದೇ ಮಿಲಿಮೀಟರ್ ಮಣ್ಣು ಹೋದರೆ ಅದು 14 ಟನ್, ಅದರಲ್ಲಿ ಸಾರಜನಕ ಶೇ 0.05 ಇದ್ದರೂ 7 ಕಿಲೋ ಹೋಯಿತು.

ರಂಜಕ ತೀರಿದ ನೆಲದ ಗುರುತು ದನಗಳಲ್ಲೇ ಕಾಣುತ್ತದೆ. ಮೂಳೆ ಚೀಪುವುದು, ಮಣ್ಣು ನೆಕ್ಕುವುದು, ಬಟ್ಟೆ ಚರ್ಮ ಅಗಿಯುವುದು. ದಕ್ಷಿಣ ಆಫ್ರಿಕಾದ ಒಣ ಹುಲ್ಲುಗಾವಲಿನಲ್ಲಿ ದನಗಳು ಕಾಲು ಬಿದ್ದು ಸಾಯುತ್ತಿದ್ದ ರೋಗದ ಜಾಡು ಹಿಡಿದ ಪಶುವೈದ್ಯ ಆರ್ನಾಲ್ಡ್ ಥೈಲರ್, ಅದರ ಮೂಲ ಹುಲ್ಲಿನ ರಂಜಕ ಕೊರತೆ ಎಂದು ಕಳೆದ ಶತಮಾನದ ಆರಂಭದಲ್ಲೇ ತೋರಿಸಿದ್ದರು. ಕೊರತೆಯಿಂದ ದನಗಳು ಕೊಳೆತ ಮೂಳೆ ಅಗಿಯುತ್ತಿದ್ದವು, ಮೂಳೆಯಲ್ಲಿನ ವಿಷದಿಂದ ಸಾಯುತ್ತಿದ್ದವು.

ಹಾಗಾದರೆ ಯೂರಿಯಾ ಎರಚಬಹುದೇ

ಬೇಡ. ಕೊಲರಾಡೊದ ಗಿಡ್ಡ ಹುಲ್ಲಿನ ಬಯಲಿನಲ್ಲಿ ಎಪ್ಪತ್ತರ ದಶಕದ ಮೊದಲರ್ಧದಲ್ಲಿ ಇದನ್ನೇ ಪರೀಕ್ಷಿಸಿದರು. ಕೆಲವು ತಾಕುಗಳಿಗೆ ನೀರು, ಕೆಲವಕ್ಕೆ ಸಾರಜನಕ, ಕೆಲವಕ್ಕೆ ಎರಡೂ. ಎರಡೂ ಕೊಟ್ಟಲ್ಲಿ ಇಳುವರಿ ಎಲ್ಲಕ್ಕಿಂತ ಹೆಚ್ಚಾಯಿತು. ಪ್ರಯೋಗ ನಿಲ್ಲಿಸಿದ ಮೇಲಿನ ಕಥೆ ಬೇರೆ. ನೀರು ಸಾರಜನಕ ಎರಡೂ ಪಡೆದ ತಾಕುಗಳಿಗೆ ಹೊರಗಿನ ಕಳೆಗಳು ನುಗ್ಗಿದವು. ಕೊಡುವುದನ್ನು ನಿಲ್ಲಿಸಿ ಹತ್ತಾರು ವರ್ಷ ಕಳೆದರೂ ಅವು ಪೂರ್ತಿ ಹೋಗಲಿಲ್ಲ. ಬಡ ಮಣ್ಣಿಗೆ ಹೊಂದಿಕೊಂಡ ಬಹುವಾರ್ಷಿಕ ಹುಲ್ಲು ನಿಧಾನವಾಗಿ ಬೆಳೆಯುತ್ತದೆ, ಸಾರವನ್ನು ಬುಡದಲ್ಲಿ ಕೂಡಿಡುತ್ತದೆ. ಸಾರ ಹೆಚ್ಚಾದಾಗ ಅದು ವೇಗದ ಕಳೆಗಳೊಡನೆ ಸ್ಪರ್ಧಿಸಲಾರದು. ಇದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಹಳೆಯ ರೊಪ್ಪದ ಜಾಗದಲ್ಲಿ ತಗಚೆ, ಉತ್ತರಾಣಿ, ಪಾರ್ಥೇನಿಯಂ ಎದೆಮಟ್ಟ ನಿಂತಿರುತ್ತವೆ, ಹತ್ತು ಮಾರು ಆಚೆ ಹಂಚಿಹುಲ್ಲು ತೆಳ್ಳಗೆ ನಿಂತಿರುತ್ತದೆ.

ಪ್ರಶ್ನೆ ಪ್ರಮಾಣದ್ದು. ಕೀನ್ಯಾದ ಲೈಕಿಪಿಯಾದಲ್ಲಿ ಪಶುಪಾಲಕರು ಬಿಟ್ಟುಹೋದ ದೊಡ್ಡಿಗಳು ಸತ್ವಭರಿತ ಹುಲ್ಲಿನ ಬಯಲುಗಳಾಗಿ ದಶಕಗಳ ಕಾಲ ಉಳಿದಿವೆ, ಕಾಡುಪ್ರಾಣಿಗಳೂ ಅಲ್ಲಿ ಹುಡುಕಿಕೊಂಡು ಬಂದು ಮೇಯುತ್ತವೆ. ಇದೇ ತತ್ವವನ್ನು ನಾವು ಹದವಾಗಿ ಬಳಸಬಹುದು: ಮಂದೆಯ ರಾತ್ರಿ ತಂಗುದಾಣವನ್ನು ಕಾವಲಿನೊಳಗೇ ಇಟ್ಟು, ಜಾಗ ಬದಲಿಸುತ್ತ ಹೋಗುವುದು. ನೂರು ಕುರಿಗೆ 20 ಮೀಟರ್ ಉದ್ದ, 20 ಮೀಟರ್ ಅಗಲದ ಬಲೆ ಬೇಲಿ. ಐದು ರಾತ್ರಿ ನಿಂತರೆ ಹಿಂದಿನ ಲೆಕ್ಕದಂತೆ 2 ಕಿಲೋ ಸಾರಜನಕ ಬೀಳುತ್ತದೆ, ಹೆಕ್ಟೇರಿಗೆ 50 ಕಿಲೋ ಆಯಿತು, ರಂಜಕ 6 ಕಿಲೋ. ಇದು ಹದ. ಅದೇ ಜಾಗದಲ್ಲಿ ಮೂರು ವಾರ ನಿಂತರೆ ಹೆಕ್ಟೇರಿಗೆ 200 ಕಿಲೋ ದಾಟಿ ಕಳೆಗೆ ದಾರಿಯಾಗುತ್ತದೆ. ಹುಲ್ಲು ಚೆನ್ನಾಗಿರುವಲ್ಲಿ ನಿಲ್ಲಿಸಬಾರದು. ಬೋಳು ತೇಪೆಗಳನ್ನು, ಅದರಲ್ಲೂ ಇಳಿಜಾರಿನ ಮೇಲ್ಭಾಗವನ್ನು ಆರಿಸಿಕೊಳ್ಳಬೇಕು. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದರೆ ಗಂಜಳದ ಸಾರಜನಕ ಅಮೋನಿಯಾ ಆಗಿ ಹಾರುತ್ತದೆ. ಮಳೆ ಶುರುವಾದ ಮೇಲೆ ನಿಲ್ಲಿಸಿದರೆ ಹೆಚ್ಚು ಉಳಿಯುತ್ತದೆ. ತೋಳ, ಚಿರತೆ, ಕಳ್ಳರ ಭಯದಿಂದ ಕುರಿಗಾಹಿಗಳು ಊರ ಹತ್ತಿರ ತಂಗುವುದು ಸಹಜ. ಗಟ್ಟಿ ಬಲೆ, ಸೋಲಾರ್ ದೀಪ, ಕುಡಿಯುವ ನೀರಿನ ತೊಟ್ಟಿಗೆ ಹಣ ಕೊಡದೆ ಅವರನ್ನು ಕಾವಲಿನಲ್ಲಿ ನಿಲ್ಲಿ ಎನ್ನುವುದು ನ್ಯಾಯವಲ್ಲ.

ಕಂದಕ, ಕಲ್ಲುಸಾಲು, ಸ್ಟೈಲೋ

ಈಗ ಕಂದಕದ ಮಾತು. ಜೆಸಿಬಿಯಿಂದ ಅರ್ಧ ಮೀಟರ್ ಆಳದ ಉದ್ದ ಕಂದಕ ತೆಗೆದಾಗ ಏನಾಗುತ್ತದೆ? ಸಾರವಿರುವ ಮೇಲಿನ 10 ಸೆಂಟಿಮೀಟರ್ ಹೂತುಹೋಗುತ್ತದೆ. ಕೆಳಗಿನ ಜಲ್ಲಿ ಮಣ್ಣು ಮೇಲೆ ಬಂದು ಏರಿಯಾಗುತ್ತದೆ. ಆ ಏರಿಯ ಮೇಲೆ ಎರಡು ಮೂರು ವರ್ಷ ಹುಲ್ಲು ಹತ್ತುವುದಿಲ್ಲ, ಹತ್ತಿದರೂ ತಂಗಡಿ, ಬಳ್ಳಾರಿ ಜಾಲಿ. ನೀರೇನೋ ನಿಲ್ಲುತ್ತದೆ, ಹುಲ್ಲಿನ ಬೇರಿಗೆ ಎಟುಕದ ಆಳಕ್ಕೆ ಇಳಿದು ಗಿಡಗಳ ಪಾಲಾಗುತ್ತದೆ. ಕೊಳವೆಬಾವಿಗೆ ನೀರು ತುಂಬುವ ಉದ್ದೇಶವಿದ್ದರೆ ಕಂದಕ ಸರಿ ಇರಬಹುದು, ಹುಲ್ಲಿನ ಹೆಸರಿನಲ್ಲಿ ಬೇಡ. ಇಳಿಜಾರಿಗೆ ಅಡ್ಡವಾಗಿ, ಸಮಪಾತಳಿಯಲ್ಲಿ ಒಂದೇ ಕಲ್ಲು ಎತ್ತರದ ಸಾಲು, ಅಥವಾ ಕಡಿದ ಜಾಲಿ ಮುಳ್ಳುಕಂಟಿಯ ಸಾಲು ಸಾಕು. ಹರಿವು ನಿಧಾನವಾಗಿ ಮಣ್ಣು, ಬೀಜ, ಹಿಕ್ಕೆ ಅಲ್ಲಿ ತಂಗುತ್ತವೆ. ಬುರ್ಕಿನಾ ಫಾಸೊದ ರೈತರ ‘ಜೈ’ ಗುಂಡಿಗಳು 20ರಿಂದ 30 ಸೆಂಟಿಮೀಟರ್ ಅಗಲ, 10ರಿಂದ 20 ಸೆಂಟಿಮೀಟರ್ ಆಳದವು. ಪ್ರತಿ ಗುಂಡಿಗೂ ಒಂದೆರಡು ಹಿಡಿ ಗೊಬ್ಬರ ಬೀಳುತ್ತದೆ. ಗೊಬ್ಬರವಿಲ್ಲದ ಬರೀ ಗುಂಡಿಯಲ್ಲಿ ಫಲ ತೀರಾ ಕಡಿಮೆ.

ತೀರಾ ಬೋಳಾದ ಗೋಮಾಳದಲ್ಲಿ ಸ್ಟೈಲೋ ಎಂಬ ದ್ವಿದಳ ಮೇವಿನ ಗಿಡವನ್ನು ಬಿತ್ತುವುದು ಸಾರಜನಕ ತರುವ ಅಗ್ಗದ ದಾರಿ. ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿ ನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ ತಕ್ಷಣ ತಣ್ಣೀರಿಗೆ ಹಾಕಬೇಕು, ಕುದಿಯುವ ನೀರಿಗೆ ಹಾಕಿದರೆ ಸಾಯುತ್ತದೆ. ಎಕರೆಗೆ 2 ಕಿಲೋ ಬೀಜ, ನೆಲ ಕೆರೆದು ಒಂದು ಸೆಂಟಿಮೀಟರ್‌ಗಿಂತ ಆಳವಾಗದಂತೆ. ರಂಜಕವಿಲ್ಲದೆ ದ್ವಿದಳ ಸಸ್ಯ ಸಾರಜನಕ ಹಿಡಿಯಲಾರದು, ಹಾಗಾಗಿ ಎಕರೆಗೆ 100 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್ ಜೊತೆಗೆ ಬೇಕು. ಮೊದಲ ವರ್ಷ ಬೀಜ ಉದುರುವವರೆಗೆ ಮೇಯಿಸಬಾರದು. ಸ್ಟೈಲೋ ಹೊರಗಿನ ಗಿಡ. ಮೂಲ ಹುಲ್ಲು ಇನ್ನೂ ಗಟ್ಟಿಯಾಗಿರುವ, ಕೃಷ್ಣಮೃಗ ಓಡಾಡುವ ಕಾವಲಿಗೆ ಇದನ್ನು ತರಲೇಬಾರದು. ಬಳ್ಳಾರಿ ಜಾಲಿಯೂ ಸಾರಜನಕ ಹಿಡಿಯುವ ಮರವೇ. ಅದನ್ನು ಒಮ್ಮೆಲೇ ಕಿತ್ತ ಕಡೆ ಕೂಡಿಟ್ಟ ಸಾರಜನಕ ಬಿಡುಗಡೆಯಾಗಿ ಪಾರ್ಥೇನಿಯಂ ಮುತ್ತುವುದುಂಟು. ಕಿತ್ತ ವರ್ಷವೇ ಅಂಜನ್ ಹುಲ್ಲಿನ ಬೀಜ ಹಾಕಿ ಆ ಸಾರವನ್ನು ಹುಲ್ಲಿಗೆ ತಿರುಗಿಸಿಕೊಳ್ಳಬೇಕು.

ಯಾವುದು ಕೊರತೆ ಎಂದು ನೆಲವನ್ನೇ ಕೇಳುವುದು

ಮಣ್ಣು ಪರೀಕ್ಷೆಯ ಅಂಕಿ ಬೆಳೆಗಳಿಗಾಗಿ ಮಾಡಿದ್ದು, ಹುಲ್ಲಿಗೆ ಅದು ಅಂದಾಜು ಮಾತ್ರ. ಪಂಚಾಯಿತಿಯೋ ಶಾಲೆಯೋ ಒಂದು ಹಂಗಾಮಿನಲ್ಲಿ ಮಾಡಬಹುದಾದ ಪರೀಕ್ಷೆ ಇದೆ. ಒಂದೇ ಬಗೆಯ ಹುಲ್ಲಿರುವ ಸಮ ಜಾಗಕ್ಕೆ ಬೇಲಿ ಹಾಕಿ. ಬೇಲಿಯಿಲ್ಲದಿದ್ದರೆ ಗೊಬ್ಬರ ಬಿದ್ದ ತಾಕನ್ನೇ ದನ ಮೊದಲು ಹುಡುಕಿ ಮೇಯುತ್ತವೆ, ಫಲಿತಾಂಶ ತಲೆಕೆಳಗಾಗುತ್ತದೆ. ಎರಡು ಮೀಟರ್ ಚೌಕದ 20 ತಾಕು ಗುರುತಿಸಿ, ನಡುವೆ ಒಂದು ಮೀಟರ್ ಬಿಡಿ. ಐದು ಬಗೆ, ಒಂದೊಂದಕ್ಕೂ ನಾಲ್ಕು ತಾಕು, ಚೀಟಿ ಎತ್ತಿ ಹಂಚಿ: ಏನೂ ಇಲ್ಲದ್ದು, ನೀರು, ಸಾರಜನಕ, ರಂಜಕ, ಸಾರಜನಕ ಮತ್ತು ರಂಜಕ. ಸಾರಜನಕಕ್ಕೆ ತಾಕಿಗೆ 44 ಗ್ರಾಂ ಯೂರಿಯಾ, ಎರಡು ಕಂತಿನಲ್ಲಿ, ಮಳೆಯ ಮುನ್ನಾ ದಿನ. ಒಣ ನೆಲದ ಮೇಲೆ ಬಿದ್ದ ಯೂರಿಯಾ ಹಾರಿಹೋಗುತ್ತದೆ. ರಂಜಕಕ್ಕೆ 100 ಗ್ರಾಂ ಸೂಪರ್ ಫಾಸ್ಫೇಟ್, ಮೊದಲ ಮಳೆಗೆ ಒಮ್ಮೆ. ನೀರಿನ ತಾಕಿಗೆ ಏಳು ದಿನ ಮಳೆ ಬಾರದಿದ್ದಾಗಲೆಲ್ಲ 80 ಲೀಟರ್, ಅದು 20 ಮಿ.ಮೀ. ಮಳೆಗೆ ಸಮ. ಕೊಳವೆಬಾವಿ ನೀರಾದರೆ ಎಚ್ಚರ: ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಇದ್ದರೆ ಒಂದೊಂದು ಬಾರಿಗೂ ಹೆಕ್ಟೇರಿಗೆ 2 ಕಿಲೋ ಸಾರಜನಕ ಹಾಕಿದಂತಾಯಿತು. ಹತ್ತು ಬಾರಿ ಕೊಟ್ಟ ಮೇಲೆ ಅದು ನೀರಿನ ಪರೀಕ್ಷೆಯಾಗಿ ಉಳಿಯುವುದಿಲ್ಲ. ಕೆರೆ ಅಥವಾ ಮಳೆನೀರು ಬಳಸಿ.

ಹುಲ್ಲು ತೆನೆ ಕಟ್ಟಿದಾಗ ಪ್ರತಿ ತಾಕಿನ ನಡುವೆ ಅರ್ಧ ಮೀಟರ್ ಚೌಕಟ್ಟಿಟ್ಟು ಎರಡು ಬೆರಳು ಬಿಟ್ಟು ಕೊಯ್ದು, ಹುಲ್ಲು ಮತ್ತು ಕಳೆ ಬೇರ್ಪಡಿಸಿ, ತೂಕ ಬದಲಾಗದಷ್ಟು ಒಣಗಿಸಿ ತೂಗಿ. ಗ್ರಾಂ ಅನ್ನು 40ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. ನೀರಿನ ತಾಕು ಮಾತ್ರ ಏರಿದರೆ ಕಲ್ಲುಸಾಲು, ಮುಳ್ಳುಸಾಲಿಗೆ ಹಣ ಹಾಕುವುದು ಸರಿ. ಗೊಬ್ಬರದ ತಾಕುಗಳು ನೀರಿನ ತಾಕನ್ನು ಮೀರಿಸಿದರೆ ಎಷ್ಟು ಕಂದಕ ತೋಡಿದರೂ ಹುಲ್ಲು ಬಾರದು, ಮಂದೆಯ ತಂಗುದಾಣವನ್ನು ಕಾವಲಿಗೆ ತರಬೇಕು. ಸೂಪರ್ ಫಾಸ್ಫೇಟ್‌ನಲ್ಲಿ ಗಂಧಕ, ಸುಣ್ಣವೂ ಇರುವುದರಿಂದ ಆ ತಾಕು ಏರಿದ್ದು ರಂಜಕದಿಂದಲೇ ಎನ್ನುವ ಮೊದಲು ಮುಂದಿನ ವರ್ಷ ಗಂಧಕವಿಲ್ಲದ ರಂಜಕ ಗೊಬ್ಬರದಿಂದ ಮತ್ತೊಮ್ಮೆ ನೋಡಿ. ಇಳುವರಿ ಏರದೆ ಕಳೆಯ ತೂಕ ಮಾತ್ರ ಏರಿದ್ದರೆ ಅಲ್ಲಿ ಮೊದಲು ಬಹುವಾರ್ಷಿಕ ಹುಲ್ಲಿನ ಬುಡಗಳನ್ನು ಮರಳಿ ತರಬೇಕು: ಎರಡು ಮಳೆಗಾಲ ಮೇವಿಗೆ ಬಿಡುವು, ಹತ್ತಿರದ ಒಳ್ಳೆಯ ಕಾವಲಿನಿಂದ ತಂದ ಬೀಜ, ಆಮೇಲೆ ಗೊಬ್ಬರದ ಮಾತು. ತಾಕುಗಳನ್ನು ಒಂದೇ ವರ್ಷಕ್ಕೆ ಕಿತ್ತುಹಾಕಬೇಡಿ. ರಂಜಕದ ಫಲ ದ್ವಿದಳ ಸಸ್ಯಗಳು ಹೆಚ್ಚಾದಂತೆ ಎರಡನೇ, ಮೂರನೇ ವರ್ಷ ಕಾಣುತ್ತದೆ, ಕಳೆಗಳ ನಿಜವಾದ ಸಂಖ್ಯೆಯೂ ಆಗಲೇ ಗೊತ್ತಾಗುವುದು.